ಮಂಜಿನಿಂದ ಬಾರದ ದೊರೆ, ಬಾಯಿ ಬಿಡದ ಮುದುಕ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಪೋರ್ಚುಗಲ್ ದೊರೆ ಸೆಬಾಸ್ಟಿಯನ್ ಬಗ್ಗೆ ಬಂದ ಲೇಖನ ಓದಿದೆ. ಸ್ಪೇನಿನ ದೊರೆ ಫಿಲಿಪ್ ಒಂದು ಗುಂಡೂ ಹಾರಿಸದೆ ಪೋರ್ಚುಗಲ್ ಪಡೆದ ಎಂದು ಬರೆದಿದ್ದೀರಿ. ತಪ್ಪಲ್ಲವೇ? ಇನ್ನೊಂದು ಪ್ರಶ್ನೆ. ಸೆಬಾಸ್ಟಿಯನ್ ಮೊರಾಕೊದಿಂದ ಜೀವಂತ ಮರಳಿದ್ದರೆ ಸ್ಪೇನಿನವರಿಗೆ ಆ ಸಿಂಹಾಸನ ಸಿಗುತ್ತಿರಲಿಲ್ಲ. ಗೋವೆಯ ಪೋರ್ಚುಗೀಸರು ಬಲವಾಗಿಯೇ ಉಳಿಯುತ್ತಿದ್ದರು. ಬಸರೂರು, ಮಂಗಳೂರು ಅವರ ಕೈಯಲ್ಲೇ ಇರುತ್ತಿದ್ದವು. ಹಾಗಾದರೆ ಆ ಹುಡುಗ ಸತ್ತದ್ದೇ ನಮ್ಮ ಕರಾವಳಿಯ ಪುಣ್ಯ ಅನ್ನಬಹುದೇ? (ಓದುಗರೊಬ್ಬರು, ಕುಂದಾಪುರ)

ಸಂಪಾದಕರ ಉತ್ತರ:

ಮೊದಲು ತಪ್ಪೊಪ್ಪಿಗೆ. ನೀವು ಹೇಳಿದ್ದೇ ಸರಿ. ಗುಂಡು ಹಾರಿತ್ತು, ಚೆನ್ನಾಗಿಯೇ ಹಾರಿತ್ತು. 1580ರ ಆಗಸ್ಟ್ 25ರಂದು ಲಿಸ್ಬನ್ ಪಕ್ಕದ ಅಲ್ಕಾಂತರಾದಲ್ಲಿ ಫಿಲಿಪನ ಸೇನಾಪತಿ ಆಲ್ಬಾ ಡ್ಯೂಕನ ಸೇನೆ ಪೋರ್ಚುಗೀಸರನ್ನು ಸೋಲಿಸಿತು. ಆ ಸಾಲು ನನ್ನ ಕಣ್ಣು ತಪ್ಪಿಸಿ ಅಚ್ಚಿಗೆ ಹೋಯಿತು. ಈ ರಾಜ್ಯ ನನಗೆ ಪಿತ್ರಾರ್ಜಿತವಾಗಿ ಬಂತು, ನಾನು ಕೊಂಡುಕೊಂಡೆ, ಗೆದ್ದುಕೊಂಡೆ ಎಂದು ಫಿಲಿಪನೇ ಹೇಳಿದ ಅನ್ನುವ ಮಾತು ಒಂದು ಇದೆ. ಅವನು ನಿಜಕ್ಕೂ ಅಂದನೋ ಇಲ್ಲವೋ, ಮೂರೂ ನಿಜ.

ಈಗ ದೊಡ್ಡ ಪ್ರಶ್ನೆ. ಈ 'ಹೀಗಾಗಿದ್ದರೆ' ಆಟ ನನಗೂ ಇಷ್ಟ. ಆದರೆ ನೀವು ಕವಲು ಹುಡುಕಿದ ಜಾಗ ಸರಿಯಿಲ್ಲ ಅನ್ನುವುದು ನನ್ನ ತಕರಾರು. ಎಲ್ಲರೂ ಸೆಬಾಸ್ಟಿಯನ್ ಬಳಿಯೇ ನಿಲ್ಲುತ್ತಾರೆ. ನಿಲ್ಲುವಂಥ ಕಥೆಯೂ ಹೌದು. ಅಪ್ಪ ಸತ್ತ 18 ದಿನಕ್ಕೆ ಹುಟ್ಟಿದವನು. ಮೂರು ವರ್ಷಕ್ಕೆ ದೊರೆ. ಮದುವೆಯಿಲ್ಲ, ಮಕ್ಕಳಿಲ್ಲ. ಮೊರಾಕೊದಲ್ಲಿ ಪಟ್ಟ ಕಳೆದುಕೊಂಡ ಸುಲ್ತಾನನೊಬ್ಬನ ಪರವಾಗಿ, ಬೇಡವೆಂದವರ ಮಾತು ಕೇಳದೆ ದಂಡೆತ್ತಿ ಹೋದ. 1578ರ ಆಗಸ್ಟ್ 4ರಂದು ಅಲ್ಕಾಸರ್ ಕಿಬಿರ್ ಬಯಲಲ್ಲಿ ಸತ್ತ. ವಯಸ್ಸು 24. ಅದೇ ದಿನ ಅವನ ಗೆಳೆಯ ಸುಲ್ತಾನನೂ ಸತ್ತ, ಕಾಯಿಲೆ ಬಿದ್ದಿದ್ದ ಎದುರಾಳಿ ಸುಲ್ತಾನನೂ ಸತ್ತ. ಮೂರು ದೊರೆಗಳ ಕಾಳಗ ಎಂದು ಅದಕ್ಕೆ ಹೆಸರೇ ಬಿತ್ತು.

ಅವನು ಬದುಕಿ ಮರಳಿದ್ದರೆ? ಸೋತ ದೊರೆ, ಬರಿದಾದ ಬೊಕ್ಕಸ, ಸೆರೆಸಿಕ್ಕ ಗಣ್ಯರನ್ನು ಬಿಡಿಸಲು ರಾಶಿ ಹಣ. ಇಷ್ಟು ಅವನ ಪಾಲಿಗೂ ಬರುತ್ತಿತ್ತು. ಬಹುಶಃ ಇನ್ನೊಂದು ದಂಡಯಾತ್ರೆಗೆ ಹೊರಡುತ್ತಿದ್ದ. ಅವನ ಸ್ವಭಾವ ಬದಲಾಗುತ್ತಿತ್ತು ಅನ್ನಲು ನನಗೆ ಕಾರಣ ಕಾಣುವುದಿಲ್ಲ. ಮಂಜು ಮುಸುಕಿದ ಒಂದು ಬೆಳಗ್ಗೆ ಅವನು ಬಂದೇ ಬರುತ್ತಾನೆ ಎಂದು ಜನ ತಲೆಮಾರುಗಟ್ಟಲೆ ಕಾದರು. 'ನಾನೇ ಸೆಬಾಸ್ಟಿಯನ್' ಎಂದು ನಾಲ್ವರು ಬಂದೂ ಬಿಟ್ಟರು. ಅವರಲ್ಲೊಬ್ಬ ಸ್ಪೇನಿನ ಮದ್ರಿಗಾಲ್ ಊರಿನ ತಿಂಡಿ ಮಾಡುವವನು. 1595ರಲ್ಲಿ ಅವನನ್ನು ಗಲ್ಲಿಗೇರಿಸಿದರು.

ನನ್ನ ಕವಲು ಬೇರೆ. ಅದು ರಣರಂಗದಲ್ಲಿಲ್ಲ, ಒಬ್ಬ ಮುದುಕನ ಬಾಯಲ್ಲಿದೆ.

ಸೆಬಾಸ್ಟಿಯನ್ ನಂತರ ಪಟ್ಟಕ್ಕೆ ಬಂದವನು ಅವನ ಅಜ್ಜನ ತಮ್ಮ, ಕಾರ್ಡಿನಲ್ ಹೆನ್ರಿಕ್. ವಯಸ್ಸು 66. ಪಾದ್ರಿ, ಹಾಗಾಗಿ ಬ್ರಹ್ಮಚಾರಿ. ಮದುವೆಯಾಗಲು ಪೋಪ್ ಬಳಿ ಅನುಮತಿ ಕೇಳಿದ. ಸಿಗಲಿಲ್ಲ, ಸಿಗದಂತೆ ಫಿಲಿಪ್ ನೋಡಿಕೊಂಡ. ಹಾಗಾದರೆ ಮುಂದೆ ಯಾರು? ಇಲ್ಲಿಂದ ಇದು ನಮ್ಮೂರ ಜಮೀನು ವ್ಯಾಜ್ಯದ ಹಾಗೇ ಸಾಗುತ್ತದೆ.

ಮುಖ್ಯ ಹಕ್ಕುದಾರರು ಮೂವರು, ಮೂವರೂ ಹೆನ್ರಿಕನ ಅಪ್ಪ ದೊರೆ ಮನುಯೆಲನ ಮೊಮ್ಮಕ್ಕಳು. ಫಿಲಿಪ್ ಮಗಳ ಮಗ. ಬ್ರಗಾಂಜಾದ ಡಚೆಸ್ ಕಟರೀನಾ ಮಗನ ಮಗಳು. ಆಂಟೋನಿಯೊ ಇನ್ನೊಬ್ಬ ಮಗನ ಮಗ, ಆದರೆ ಅವನ ಅಪ್ಪ ಅಮ್ಮನಿಗೆ ಮದುವೆಯಾಗಿತ್ತು ಎಂಬುದಕ್ಕೆ ಪುರಾವೆ ಇಲ್ಲ. ಕಟರೀನಾಳ ವಕೀಲರು ಹೇಳಿದ್ದು ಇಷ್ಟು: ಅವಳು ಹೆಣ್ಣಿರಬಹುದು, ಆದರೆ ನಿಂತಿರುವುದು ಅಪ್ಪ ದುವಾರ್ತೆಯ ಜಾಗದಲ್ಲಿ. ಅಪ್ಪ ಇದ್ದಿದ್ದರೆ ಅಕ್ಕನ ಮಗನಿಗೆ ಏನು ಸಿಗುತ್ತಿತ್ತು? ಫಿಲಿಪನ ವಕೀಲರ ವಾದ: ಸತ್ತವರ ಮಾತು ಬಿಡಿ, ಇರುವ ಮೊಮ್ಮಕ್ಕಳಲ್ಲಿ ಗಂಡು ಯಾರು, ಹಿರಿಯ ಯಾರು ನೋಡಿ. ಪೋರ್ಚುಗಲ್ಲಿನ ಕೊಯಿಂಬ್ರಾ ವಿಶ್ವವಿದ್ಯಾಲಯದ ಕಾನೂನು ಪಂಡಿತರು ಕಟರೀನಾಳ ಪರ ನಿಂತರು. ನನಗೂ ಅವಳ ವಾದವೇ ಗಟ್ಟಿ ಅನ್ನಿಸುತ್ತದೆ. ಅದೇ ವಾದವನ್ನು ಇನ್ನೊಂದು ಹೆಜ್ಜೆ ಎಳೆದರೆ, ಅವಳ ತೀರಿಹೋದ ಅಕ್ಕನ ಮಗ ರನುಚ್ಚಿಯೊ ಮೊದಲು ಬರುತ್ತಾನೆ ಅನ್ನುವುದು ಬೇರೆ ಮಾತು. ಅವನು ಇಟಲಿಯ ಪಾರ್ಮಾದ ಹುಡುಗ. ಅವನನ್ನು ಯಾರೂ ಕೇಳಲಿಲ್ಲ. ಫ್ರಾನ್ಸಿನ ರಾಜಮಾತೆ ಕ್ಯಾಥರೀನ್ ದ ಮೆಡಿಚಿಯೂ 13ನೇ ಶತಮಾನದ ಒಂದು ಮದುವೆಯ ಎಳೆ ಹಿಡಿದು ಅರ್ಜಿ ಹಾಕಿದಳು!

ಮೊದಮೊದಲು ಹೆನ್ರಿಕ್ ಕಟರೀನಾಳ ಕಡೆ ವಾಲಿದ್ದ. ಆಂಟೋನಿಯೊನನ್ನು ಕಂಡರಂತೂ ಆಗುತ್ತಿರಲಿಲ್ಲ. 1579ರಲ್ಲಿ ಲಿಸ್ಬನ್ನಿನಲ್ಲಿ ರಾಜ್ಯದ ಸಭೆ ಸೇರಿತು. ಅಲ್ಲಿ ಅವನು 'ಕಟರೀನಾ' ಎಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅಷ್ಟರಲ್ಲಿ ಫಿಲಿಪನ ಪರ ಕೆಲಸ ಮಾಡುತ್ತಿದ್ದ ಪೋರ್ಚುಗೀಸ್ ಗಣ್ಯ ಕ್ರಿಸ್ಟೊವಾವ್ ದ ಮೋರಾ ಹಣ, ಪದವಿ, ಭರವಸೆ ಹಂಚುತ್ತಾ ಓಡಾಡುತ್ತಿದ್ದ. ಮೊರಾಕೊದಲ್ಲಿ ಸೆರೆಯಾದವರ ಮನೆಯವರಿಗೆ ಬಿಡುಗಡೆಯ ಹಣ ಬೇಕಿತ್ತು. ಅಂಥ ಹೊತ್ತಲ್ಲಿ ವಂಶವೃಕ್ಷ ಯಾರು ನೋಡುತ್ತಾರೆ?

ಇನ್ನೊಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ. ಕಟರೀನಾಳ ಮಗ ತಿಯೊಡೊಸಿಯೊ, ಬರೀ ಹತ್ತು ವರ್ಷದವನು, ಕಾಯಿಲೆಯ ಅಪ್ಪನ ಬದಲು ಅದೇ ಮೊರಾಕೊ ಯುದ್ಧಕ್ಕೆ ಹೋಗಿ ಸೆರೆಸಿಕ್ಕಿದ್ದ. ಅವನ ಬಿಡುಗಡೆಗೆ ಫಿಲಿಪನೇ ಮುಂದೆ ನಿಂತ. ಆಮೇಲೆ ಆ ಹುಡುಗನನ್ನು ಸ್ಪೇನಿನಲ್ಲೇ 'ಅತಿಥಿ' ಮಾಡಿ ಇಟ್ಟುಕೊಂಡ. ಮಗ ಅಲ್ಲಿರುವಾಗ ತಾಯಿ ಇಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಿಯಾಳು, ಅಲ್ವಾ?

1580ರ ಜನವರಿ 31ರಂದು ಹೆನ್ರಿಕ್ ತೀರಿಕೊಂಡ. ಅವತ್ತು ಅವನ 68ನೇ ಹುಟ್ಟುಹಬ್ಬ. ವಾರಸುದಾರನ ಹೆಸರು ಹೇಳಲೇ ಇಲ್ಲ. ಐದು ಜನರ ಕೈಗೆ ಆಡಳಿತ ಬಿಟ್ಟು ಹೋದ. ಜನಸಾಮಾನ್ಯರು, ಊರೂರಿನ ಸಣ್ಣ ಪಾದ್ರಿಗಳು ಆಂಟೋನಿಯೊನನ್ನು ದೊರೆ ಎಂದು ಕೂಗಿದರು. ಆ ಕೂಗಾದ ಎರಡು ತಿಂಗಳಲ್ಲಿ ಅಲ್ಕಾಂತರಾದ ಸೋಲು. 1581ರಲ್ಲಿ ತೊಮಾರ್ ಊರಲ್ಲಿ ಸಭೆ ಸೇರಿ ಫಿಲಿಪನನ್ನು ಒಪ್ಪಿತು. ಅದೇ ವರ್ಷ ಗೋವೆಯೂ ಒಪ್ಪಿತು.

ಈಗ ಆಟ ಆಡೋಣ. ಒಂದನ್ನು ಮಾತ್ರ ಬದಲಿಸುತ್ತೇನೆ. 1579ರಲ್ಲಿ ಮುದುಕ ಬಾಯಿಬಿಟ್ಟ, ಸಭೆ ಕಟರೀನಾಳಿಗೆ ನಿಷ್ಠೆಯ ಪ್ರಮಾಣ ಮಾಡಿತು ಅಂದುಕೊಳ್ಳಿ. ಫಿಲಿಪ್ ಸುಮ್ನೆ ಕೂರುತ್ತಿದ್ದನೇ? ಇಲ್ಲ. ಆದರೆ ಮದುವೆಯಿಲ್ಲದ ಸಂಬಂಧದ ಮಗನನ್ನು ಓಡಿಸುವುದು ಬೇರೆ, ಸಭೆ ಒಪ್ಪಿದ ರಾಣಿಯ ಮೇಲೆ, ಅದೂ ಸ್ವಂತ ಮಾವನ ಮಗಳ ಮೇಲೆ ಏರಿ ಹೋಗುವುದು ಬೇರೆ. ಅವನಿಗೆ ಆಗಲೇ ನೆದರ್ಲೆಂಡ್ಸ್ ದಂಗೆ ತಲೆನೋವಾಗಿತ್ತು. ದುಡ್ಡು ಕೊಟ್ಟು, ಮದುವೆ ಸಂಬಂಧ ಬೆಳೆಸಿ ರಾಜಿಗೆ ಬರುತ್ತಿದ್ದ ಅನ್ನಿಸುತ್ತದೆ. ಕಟರೀನಾಳಿಗೆ ದೊಡ್ಡ ಅಪಾಯ ಫಿಲಿಪನಿಗಿಂತ ಆಂಟೋನಿಯೊ. ಜನ ಅವನ ಹಿಂದಿದ್ದರು. ಇಬ್ಬರೂ ಕಚ್ಚಾಡಿದ್ದರೆ ಆಲ್ಬಾ ಹೇಗೂ ಬರುತ್ತಿದ್ದ.

ಇಬ್ಬರೂ ಒಂದಾದರು ಅಂತಿಟ್ಟುಕೊಳ್ಳಿ. ಆಗ 1588ರಲ್ಲಿ ಇಂಗ್ಲೆಂಡಿನ ಮೇಲೆ ಹೊರಟ ಆ ಹೆಸರಾಂತ ನೌಕಾಪಡೆಗೆ ಹೊರಡಲು ಲಿಸ್ಬನ್ ಬಂದರು ಇಲ್ಲ. ಅದರ ಮುಂಚೂಣಿ ಹಡಗು ಸಾವ್ ಮಾರ್ತಿನೊ ಕೂಡ ಇಲ್ಲ, ಅದು ಪೋರ್ಚುಗೀಸರದ್ದು. ನಮಗೆ ಬೇಕಾದ ಎಳೆ ಇನ್ನೊಂದು. ಡಚ್ಚರು ಏಷ್ಯಾದ ಮೆಣಸು, ಮಸಾಲೆಯನ್ನು ಲಿಸ್ಬನ್ನಿನಲ್ಲೇ ಕೊಳ್ಳುತ್ತಿದ್ದರು. ಲಿಸ್ಬನ್ ಫಿಲಿಪನ ಕೈಗೆ ಬಂದ ಮೇಲೆ ತನ್ನ ವಿರುದ್ಧ ದಂಗೆಯೆದ್ದ ಅವರ ಹಡಗುಗಳನ್ನು ಅವನು ಆಗಾಗ ಹಿಡಿಸಿದ. 1595ರಲ್ಲಿ ಡಚ್ಚರ ನಾಲ್ಕು ಹಡಗು ನೇರ ಪೂರ್ವಕ್ಕೆ ಹೊರಟವು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಫಿಲಿಪನ ಶತ್ರುಗಳೆಲ್ಲ ಗೋವೆಗೂ ಶತ್ರುಗಳಾದರು.

ಹಾಗಂತ ಕಟರೀನಾ ರಾಣಿಯಾಗಿದ್ದರೆ ಡಚ್ಚರು ಬರುತ್ತಲೇ ಇರಲಿಲ್ಲ ಅಂತೇನಲ್ಲ. ಹೋಗಿ ಬಂದರೆ ಲಾಭ ಜಾಸ್ತಿ ಅಂತ ಗೊತ್ತಾದ ವ್ಯಾಪಾರಿಯನ್ನು ಯಾರು ತಡೆಯುತ್ತಾರೆ? ಹತ್ತಿಪ್ಪತ್ತು ವರ್ಷ ತಡವಾಗುತ್ತಿತ್ತು, ಅಷ್ಟೇ.

ಕರಾವಳಿಯ ವಿಷಯದಲ್ಲಿ ನಿಮ್ಮ ಲೆಕ್ಕ ನನಗೆ ಕೂಡುತ್ತಿಲ್ಲ. ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರಿನಲ್ಲಿ ಕೋಟೆ ಮಾಡಿಕೊಂಡದ್ದು 1568-69ರಲ್ಲಿ, ಸೆಬಾಸ್ಟಿಯನ್ ಕಾಲದಲ್ಲೇ. ವಿಜಯನಗರ 1565ರಲ್ಲಿ ಸೋತು ಬಲ ಕಳೆದುಕೊಂಡ ಬೆನ್ನಿಗೇ ಇದು ಆದದ್ದು. ಅವರಿಗೆ ಇಲ್ಲಿನ ಮೆಣಸು ಬೇಕಿತ್ತು, ಗೋವೆಯ ಊಟಕ್ಕೆ ಇಲ್ಲಿನ ಅಕ್ಕಿ ಬೇಕಿತ್ತು. ಆ ಕೋಟೆಗಳನ್ನು ಕೆಳದಿಯ ಶಿವಪ್ಪ ನಾಯಕ ಕಿತ್ತುಕೊಂಡದ್ದು 1650ರ ದಶಕದಲ್ಲಿ. ಪೋರ್ಚುಗಲ್ ಸ್ಪೇನಿನಿಂದ ಬಿಡಿಸಿಕೊಂಡದ್ದು ಅದಕ್ಕೂ ಮೊದಲೇ, 1640ರ ಡಿಸೆಂಬರ್ 1ರಂದು! ಅವತ್ತು ದೊರೆಯಾದವನು ಯಾರು ಗೊತ್ತೇ? ಅದೇ ತಿಯೊಡೊಸಿಯೊನ ಮಗ, ಕಟರೀನಾಳ ಮೊಮ್ಮಗ.

ಅಂದರೆ ಶಿವಪ್ಪ ನಾಯಕ ಗೆದ್ದದ್ದು ಬ್ರಗಾಂಜಾ ಮನೆತನದ ಪೋರ್ಚುಗೀಸರ ವಿರುದ್ಧ. ಡಚ್ಚರು ಅವರನ್ನು ಸಮುದ್ರದಲ್ಲಿ ಸುಸ್ತು ಮಾಡಿದ್ದು ಅವನಿಗೆ ಅನುಕೂಲವಾಯಿತು, ನಿಜ. ಆದರೆ ಕೆಳದಿಯ ಬಲ ಬೆಳೆದದ್ದು ಲಿಸ್ಬನ್ನಿನ ಯಾವುದೋ ಸಾವಿನಿಂದಲ್ಲ. ಅವನಿಗಿಂತ ಮೊದಲೇ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದು ಮೆಣಸಿನ ನಾಡನ್ನು ಹಿಡಿದಿದ್ದ. 1623ರಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಗೆ ರಾಯಭಾರಿಯನ್ನು ಕಳಿಸಿದ್ದರು. ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಆ ತಂಡದ ಜೊತೆಗೇ ಬಂದು ಇಕ್ಕೇರಿ ನೋಡಿದ. ಹಾಗಾಗಿ ಆ 'ಪುಣ್ಯ'ದ ಲೆಕ್ಕವನ್ನು ನಾನು ಮೊರಾಕೊದ ಬಯಲಿಗೆ ಬರೆಯಲಾರೆ.

ಒಂದು ಮಾತು ಉಳಿಯಿತು. ಸೆಬಾಸ್ಟಿಯನ್ ನಿಜಕ್ಕೂ ಸತ್ತನೇ ಎಂದೂ ಕೆಲವರು ಕೇಳಿ ಬರೆದಿದ್ದಾರೆ. 1582ರಲ್ಲಿ ಫಿಲಿಪ್ ಒಂದು ದೇಹ ತರಿಸಿ, ಇವನೇ ಸೆಬಾಸ್ಟಿಯನ್ ಎಂದು ಲಿಸ್ಬನ್ನಿನ ಬೆಲೆಂ ಮಠದಲ್ಲಿ ಹೂಳಿಸಿದ. ಜನ ನಂಬಲಿಲ್ಲ. ಆ ಗೋರಿ ಇವತ್ತಿಗೂ ಅಲ್ಲಿದೆ. ಅದನ್ನು ಹೊತ್ತು ನಿಂತಿರುವುದು ಎರಡು ಅಮೃತಶಿಲೆಯ ಆನೆಗಳು. ಮೇಲೆ ಲ್ಯಾಟಿನ್‌ನಲ್ಲಿ ಬರೆದಿದೆ: ಜನ ಹೇಳುವುದು ನಿಜವಾದರೆ, ಸೆಬಾಸ್ಟಿಯನ್ ಇಲ್ಲಿದ್ದಾನೆ.