ಗ್ಯಾಸ್ ಮೀಟರ್ ಒಳಗಿರಲೋ, ಹೊರಗಿರಲೋ?

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮ ಮನೆ. ಪೈಪ್ ಗ್ಯಾಸಿನ ಮೀಟರ್ ಹೊರಗೋಡೆಗಿದೆ, ಪಕ್ಕದಲ್ಲೇ ಬೈಕ್ ನಿಲ್ಲಿಸುತ್ತೇವೆ. ಮಳೆಗೆ ನೆನೆದು ಪೈಪಿನ ಜಾಯಿಂಟ್‌ಗಳು ತುಕ್ಕು ಹಿಡಿದಿವೆ. ಅಡುಗೆಮನೆಗೆ ಹೊಸ ಕಪಾಟು ಮಾಡಿಸುವಾಗಲೇ ಮೀಟರನ್ನು ಕಟ್ಟೆ ಕೆಳಗಿನ ಕಪಾಟಿನೊಳಗೆ ತಂದುಕೊಳ್ಳಬಹುದೇ? ಪ್ಲಂಬರ್ ಎರಡು ತಾಸಿನ ಕೆಲಸ ಎನ್ನುತ್ತಾನೆ.

ಉತ್ತರ: ತರಬೇಡಿ. ಪ್ಲಂಬರ್ ಕೈಗಂತೂ ಕೊಡಲೇಬೇಡಿ. ಮೀಟರ್, ಅದರ ಹಿಂದೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಎರಡೂ ಗ್ಯಾಸ್ ಕಂಪನಿಯ ಸ್ವತ್ತು. ಅವನ್ನು ಬಿಚ್ಚಿ ಕೂಡಿಸುವುದು ಕಂಪನಿ ಕಳಿಸಿದವರ ಕೆಲಸ. ನೀರಿನ ಪೈಪಿಗೆ ಸುತ್ತುವ ಸೆಣಬನ್ನು ಗ್ಯಾಸ್ ಪೈಪಿಗೂ ಸುತ್ತಿದರೆ, ತೇವವಿಲ್ಲದ ಈ ಗ್ಯಾಸಿಗೆ ಸೆಣಬು ಒಣಗಿ ಕುಗ್ಗುತ್ತದೆ. ಇವತ್ತು ಸೋರದ ಜಾಯಿಂಟ್ ಕೆಲವು ತಿಂಗಳ ಮೇಲೆ ಸೋರತೊಡಗುತ್ತದೆ.

ಕಪಾಟಿನದು ಇನ್ನೂ ದೊಡ್ಡ ತೊಂದರೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿಯುತ್ತದೆ. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಹಾಗಾಗಿ ಬಾಗಿಲ ಕೆಳಗೆ ಜಾಲರಿ ಬಿಡಿಸಿದರೂ ಕಪಾಟಿನ ಮೇಲ್ಭಾಗದಲ್ಲಿ ಗ್ಯಾಸ್ ತುಂಬಿಕೊಳ್ಳುತ್ತದೆ. ಅದರ ನೆತ್ತಿಯ ಮೇಲೇ ನಿಮ್ಮ ಒಲೆ! ವಾಸನೆ ಬಂದಾಗ ಡಬ್ಬಿ, ಬಾಟಲಿ ಸರಿಸಿ ವಾಲ್ವ್ ಹುಡುಕುವ ಪರಿಸ್ಥಿತಿಯೂ ಬೇಡ.

ನಿಮ್ಮ ನಿಜವಾದ ತಕರಾರು ತುಕ್ಕಿನದು. ಜಿ.ಐ. ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ, ಥ್ರೆಡ್ ಕೊರೆಯುವಾಗ ಮೇಲಿನ ಸತುವಿನ ಪದರ ಹೋಗುತ್ತದೆ. ಅದಕ್ಕೇ ಪೈಪಿನ ಮೈ ಚೆನ್ನಾಗಿದ್ದರೂ ಜಾಯಿಂಟಿನ ಕೊರಳಲ್ಲೇ ತುಕ್ಕು ಕಾಣುವುದು. ಮೊದಲು ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ, ಇಲ್ಲವೇ ತುಕ್ಕು ಪದರ ಪದರವಾಗಿ ಉದುರುತ್ತಿದ್ದರೆ ಕಂಪನಿಗೆ ಹೇಳಿ ಆ ತುಂಡು ಬದಲಿಸಿಕೊಳ್ಳಿ. ಮೇಲುಮೇಲಿನ ತುಕ್ಕಾದರೆ ಅವರನ್ನು ಕೇಳಿಕೊಂಡೇ ಉಜ್ಜುಕಾಗದದಿಂದ ಮೆಲ್ಲಗೆ ತಿಕ್ಕಿ, ಪ್ರೈಮರ್ ಕೊಟ್ಟು ಬಣ್ಣ ಹಚ್ಚಿಸಬಹುದು. ಆದರೆ ರೆಗ್ಯುಲೇಟರಿನಲ್ಲಿ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ. ಬಣ್ಣದವರು ಅದರ ಮೇಲೂ ಬ್ರಶ್ ಆಡಿಸಿಬಿಡುತ್ತಾರೆ, ಕಡಜ ಮಣ್ಣಿನ ಗೂಡು ಕಟ್ಟಿ ಮುಚ್ಚುವುದೂ ಉಂಟು. ತೂತು ಕಟ್ಟಿದರೆ ಒತ್ತಡ ಅಂಕೆ ತಪ್ಪುತ್ತದೆ. ಒಲೆಗೆ ಬೇಕಿರುವುದು ಸುಮಾರು 21 ಮಿಲಿಬಾರ್. ಹೆಚ್ಚಿದರೆ ಉರಿ ಬರ್ನರಿನಿಂದ ಎದ್ದು ಹಾರುತ್ತದೆ, ಕಡಿಮೆಯಾದರೆ ಸೊರಗುತ್ತದೆ.

ಮಳೆಗೆ ಮೀಟರ್ ಮೇಲೊಂದು ತಗಡಿನ ಇಳಿಜಾರು ಸಾಕು, ಮುಂದೆ ತೆರೆದೇ ಇರಲಿ. ಪೆಟ್ಟಿಗೆಯೇ ಬೇಕೆಂದರೆ ಮೇಲೂ ಕೆಳಗೂ ಗಾಳಿಕಿಂಡಿ ಇರಬೇಕು, ಬೀಗ ಬೇಡ. ಬೈಕ್ ಬಡಿಯದಂತೆ ಮುಂದೆ ಕಬ್ಬಿಣದ ಅಡ್ಡಗಂಬಿ ನೆಡಿಸಿ. ಕರೆಂಟ್ ಬೋರ್ಡ್, ಇನ್ವರ್ಟರ್ ಬ್ಯಾಟರಿ ಹತ್ತಿರ ಸುಳಿಯದಿರಲಿ.

ಗೋಡೆ ಒಡೆಯುತ್ತಿದ್ದೀರಿ, ಸರಿಸದೆ ಗತ್ಯಂತರವೇ ಇಲ್ಲ ಎಂದಾದರೆ ಬಿಲ್ಲಿನ ಗ್ರಾಹಕ ಸಂಖ್ಯೆ ಬರೆದು ಅರ್ಜಿ ಕೊಡಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರವೂ ಇರಲಿ. ಅವರು ಬಂದು ಜಾಗ ನೋಡಿದ ಮೇಲೆ ಖರ್ಚನ್ನು ಬರಹದಲ್ಲೇ ಪಡೆಯಿರಿ. ಕಪಾಟಿನ ಅಳತೆ ಆಮೇಲೆ. ಬಡಿಗೇರರು ಮೊದಲು, ಗ್ಯಾಸಿನವರು ಆಮೇಲೆ ಎಂದಾದರೆ ಹೊಸ ಪ್ಲೈವುಡ್ಡಿಗೆ ತೂತು ಬೀಳುವುದು ಖಾತ್ರಿ. ಬಿಚ್ಚುವ ಮುನ್ನ, ಕೂಡಿಸಿದ ಮೇಲೆ ರೀಡಿಂಗ್‌ನ ಫೋಟೊ ತೆಗೆದಿಡಿ. ಒತ್ತಡ ಪರೀಕ್ಷೆ ನಿಮ್ಮ ಕಣ್ಣೆದುರೇ ಆಗಲಿ. ಅವರು ಹೋದ ಮೇಲೆ ನೀವೂ ಒಮ್ಮೆ ನೋಡಿ: ಒಲೆಯ ಗುಂಡಿಗಳನ್ನೆಲ್ಲ ಬಂದ್ ಮಾಡಿ, ವಾಲ್ವ್ ತೆರೆದಿಟ್ಟು, ಮೀಟರಿನ ಕೊನೆಯ ಕೆಂಪು ಅಂಕಿ ಬರೆದುಕೊಳ್ಳಿ. ಅರ್ಧ ತಾಸಿನಲ್ಲಿ ಅದು ಕದಲಿದರೆ ಎಲ್ಲೋ ಸೋರುತ್ತಿದೆ. ವಾಲ್ವ್ ಬಂದ್ ಮಾಡಿ, ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು ಬಿಲ್ಲಿನ ಮೇಲಿರುವ ತುರ್ತು ನಂಬರಿಗೆ ಫೋನ್ ಮಾಡಿ.

ಪ್ರಶ್ನೆ: ಧಾರವಾಡ ಸಪ್ತಾಪುರದಲ್ಲಿ ನಮ್ಮ ಫ್ಲ್ಯಾಟ್. ಅಡುಗೆಮನೆಯ ಮೀಟರನ್ನು ಬಾಲ್ಕನಿಗೆ ಹಾಕಿಸಬಹುದೇ?

ಉತ್ತರ: ಧಾರಾಳವಾಗಿ, ಕಂಪನಿಯಿಂದಲೇ. ಆದರೆ ಬಾಲ್ಕನಿಗೆ ಗಾಜು ಕೂಡಿಸಿ ಪೂರ್ತಿ ಮುಚ್ಚಿದ್ದರೆ ಅದೂ ಒಳಕೋಣೆಯೇ. ಮೇಲಿನ ಒಂದು ಪಟ್ಟಿಯಾದರೂ ಸದಾ ತೆರೆದಿರಬೇಕು. ಪೈಪ್ ಗೋಡೆ ದಾಟುವಲ್ಲಿ ಅದರ ಸುತ್ತ ಇನ್ನೊಂದು ಅಗಲದ ಕೊಳವೆ ತೊಡಿಸಿರಬೇಕು, ಬರಿ ಸಿಮೆಂಟ್ ಮೆತ್ತಿ ಮುಗಿಸಲು ಬಿಡಬೇಡಿ. ಒಲೆಯ ಪಕ್ಕದ ವಾಲ್ವ್ ಮಾತ್ರ ಅಡುಗೆಮನೆಯಲ್ಲೇ, ಕೈಗೆಟುಕುವಂತೆ ಉಳಿಯಲಿ.