ಮಳೆ ಬಂದರೆ ಪಿಕ್ಸೆಲ್ ಲೈಟಿನ ಸರ ಅರ್ಧಕ್ಕೇ ಆರಿಹೋಗುತ್ತದೆ, ಕನೆಕ್ಟರ್ ತೊಂದರೆಯೇ?

ಹೌದು, ನೀವು ಹೇಳಿದ ಲಕ್ಷಣ ಕನೆಕ್ಟರಿನದೇ. ನ್ಯೂಜೆರ್ಸಿಯ ಮನೆ, ಸೂರಿನಂಚಿಗೆ ದೀಪಾವಳಿಯಿಂದ ಕ್ರಿಸ್‌ಮಸ್‌ವರೆಗೆ ಕಟ್ಟಿದ 12 ವೋಲ್ಟಿನ ಬುಲೆಟ್ ಪಿಕ್ಸೆಲ್ (ಡಬ್ಲ್ಯುಎಸ್2811 ಎಂಬ ನಿಯಂತ್ರಣ ಚಿಪ್ ಇರುವ ಬಲ್ಬು), 50 ಬಲ್ಬುಗಳ ನಾಲ್ಕು ಸರ. ಬಿಸಿಲಿದ್ದಾಗ ಸರಿ, ಮಳೆಯಲ್ಲಿ ಎರಡನೇ ಸರದಿಂದಾಚೆ ಕತ್ತಲು. ಪೊಟ್ಟಣದ ಮೇಲಿನ ಐಪಿ67, ಅಂದರೆ ದೂಳು-ನೀರು ತಡೆಯುವ ಮಟ್ಟ, ಎಂಬುದು ಬಲ್ಬಿಗೆ ಮಾತ್ರ, ನೀವು ಹಾಕುವ ಜೋಡಣೆಗಲ್ಲ.

ಕರೆಂಟ್ ನಿಲ್ಲಿಸಿ, ಎರಡು ಮತ್ತು ಮೂರನೇ ಸರದ ನಡುವಿನ ಕನೆಕ್ಟರ್ ಬಿಚ್ಚಿ ನೋಡಿ. ಪಿನ್ ಮೇಲೆ ಹಸಿರು ಅಥವಾ ಕಪ್ಪು ಕಿಟ್ಟ ಕಂಡರೆ ಉಜ್ಜಿ ಮತ್ತೆ ಬಳಸಬೇಡಿ. ಡಿಸಿ ಕರೆಂಟಿರುವ ಪಿನ್‌ಗಳ ನಡುವೆ ನೀರು ನಿಂತರೆ ಪಾಸಿಟಿವ್ ಪಿನ್ನಿನ ಲೋಹ ಕರಗುತ್ತಾ ಹೋಗುತ್ತದೆ. ಪಕ್ಕದ ಡೇಟಾ ಪಿನ್ನಿಗೆ (ಬಲ್ಬುಗಳಿಗೆ ಸಿಗ್ನಲ್ ಒಯ್ಯುವ ಪಿನ್) ಕರೆಂಟ್ ಸೋರಿದರೆ ಅಲ್ಲಿಂದ ಮುಂದಿನ ಪಿಕ್ಸೆಲ್‌ಗಳಿಗೆ ಸರಿಯಾದ ಸಿಗ್ನಲ್ ಸಿಗದು, ಹತ್ತಿರದ ಚಿಪ್ ಸುಡಲೂಬಹುದು. ಎರಡೂ ಬದಿಯ ತುಂಡು ಬದಲಿಸಿ. ವೈರನ್ನು ತಾಮ್ರ ಫಳಫಳ ಹೊಳೆಯುವಲ್ಲಿಯವರೆಗೆ ಹಿಂದಕ್ಕೆ ಕತ್ತರಿಸಬೇಕು. ಏಕೆಂದರೆ ದೀಪದ ಬತ್ತಿ ಎಣ್ಣೆ ಹೀರುವಂತೆ ಎಳೆಎಳೆಯ ವೈರು ಹೊದಿಕೆಯ ಒಳಗೇ ನೀರನ್ನು ಬಲು ದೂರ ಎಳೆದುಕೊಂಡಿರುತ್ತದೆ.

ಬದಲಿ ಕನೆಕ್ಟರ್ ಕೊಳ್ಳುವಾಗ ಎಚ್ಚರ. ಎಕ್ಸ್‌ಕನೆಕ್ಟ್ ಮತ್ತು ರೇ ವೂ ಎಂದು ಕರೆಯುವ ಮೂರು ಪಿನ್ನಿನ ಮಾದರಿಗಳು ನೋಡಲು ಒಂದೇ ತರಹ, ಆದರೆ ಒಂದಕ್ಕೊಂದು ಕೂಡುವುದಿಲ್ಲ. ಇಡೀ ಮನೆಗೆ ಒಂದೇ ಮಾದರಿ ಇಟ್ಟುಕೊಳ್ಳಿ. ಜೆಎಸ್‌ಟಿ ಎಂಬ ಚಿಕ್ಕ ಪ್ಲಾಸ್ಟಿಕ್ ಕನೆಕ್ಟರ್ ಹೊರಗೆ ಬೇಡವೇ ಬೇಡ.

ಮೂರು ವೈರಿನ ಬೆಸುಗೆಗಳು ಅಕ್ಕಪಕ್ಕ ಬೇಡ, ಒಂದಕ್ಕಿಂತ ಒಂದು ಸ್ವಲ್ಪ ಹಿಂದೆಮುಂದೆ ಇರಲಿ. ಪ್ರತಿಯೊಂದಕ್ಕೂ ಒಳಗೆ ಅಂಟು ಸವರಿದ 3:1 ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಮೂರನೇ ಒಂದು ಅಗಲಕ್ಕೆ ಕುಗ್ಗುವಂಥದ್ದು), ಮೇಲೆ ಒಟ್ಟಿಗೆ ಇನ್ನೊಂದು ದೊಡ್ಡದು. ತುದಿಯಲ್ಲಿ ಅಂಟು ಜಿನುಗಿ ಹೊರಬಂದರೆ ಮಾತ್ರ ನೀರು ತಡೆದಂತೆ. ವೈರಿನ ಬಣ್ಣ ನಂಬಬೇಡಿ, ಒಬ್ಬೊಬ್ಬ ತಯಾರಕರದು ಒಂದೊಂದು ಕ್ರಮ. ಮಲ್ಟಿಮೀಟರಿನಲ್ಲಿ ನೋಡಿಯೇ ಜೋಡಿಸಿ. ಸಿಲಿಕೋನ್ ಹಚ್ಚುವುದಾದರೆ, ವಿನೆಗರ್ ವಾಸನೆಯದು ತಾಮ್ರವನ್ನು ತಿನ್ನುತ್ತದೆ, ನ್ಯೂಟ್ರಲ್ ಕ್ಯೂರ್ ಬಗೆಯದೇ ಬೇಕು. ಇನ್ಸುಲೇಶನ್ ಟೇಪ್ ಸುತ್ತಿದರೆ ನೀರು ಒಳಗೇ ಉಳಿಯುತ್ತದೆ.

ಜೋಡಿಸುವ ಮುನ್ನ ರಬ್ಬರ್ ಓ-ರಿಂಗ್ ಇದೆಯೇ, ಮಡಚಿಲ್ಲವೇ ನೋಡಿ. ಅದಕ್ಕೆ ಡೈಎಲೆಕ್ಟ್ರಿಕ್ (ಕರೆಂಟ್ ಹರಿಸದ) ಗ್ರೀಸ್ ತೆಳುವಾಗಿ ಸವರಿ, ಪಿನ್ ಪೂರ್ತಿ ಒತ್ತಿ ಕೂರಿಸಿದ ಮೇಲೆ ನಟ್ ಬಿಗಿಗೊಳಿಸಿ. ನಟ್ ತಿರುಗಿಸಿಯೇ ಪಿನ್ ಎಳೆದುಕೊಳ್ಳಲಿ ಎಂದು ಬಿಟ್ಟರೆ ರಿಂಗ್ ಸೊಟ್ಟಗೆ ಕೂರುತ್ತದೆ. ಕನೆಕ್ಟರಿನ ಎರಡೂ ಬದಿಗೆ ವೈರು ಕೆಳಗೆ ಜೋಲಲಿ, ಹನಿ ಅಲ್ಲಿಂದ ತೊಟ್ಟಿಕ್ಕುತ್ತದೆ. ಬಹುತೇಕರು ಮರೆಯುವುದು ಕೊನೆಯ ಸರದ ತುದಿ: ಅಲ್ಲಿಯೂ 12 ವೋಲ್ಟ್ ಇದೆ, ಅದಕ್ಕೂ ಓ-ರಿಂಗ್ ಇರುವ ಮುಚ್ಚಳ ಹಾಕಿ.

ಒಣಗಿದ್ದಾಗಲೂ ದೂರದ ಬಿಳಿ ಕೆಂಪಾಗಿ ಕಂಡರೆ ಅದು ನೀರಲ್ಲ, ವೋಲ್ಟೇಜ್ ಇಳಿದಿದೆ. ಪೂರ್ಣ ಬಿಳಿಯಲ್ಲಿ ಒಂದು ಪಿಕ್ಸೆಲ್ ಸುಮಾರು 0.06 ಆಂಪಿಯರ್ ಎಳೆಯುತ್ತದೆ, 200ಕ್ಕೆ 12 ಆಂಪಿಯರ್. ಬೆಳಕು 30 ಶೇಕಡಕ್ಕೆ ಇಳಿಸಿದರೂ ಕಣ್ಣಿಗೆ ಸಾಕಷ್ಟಿರುತ್ತದೆ. ಪೂರ್ಣ ಬೆಳಕೇ ಬೇಕಿದ್ದರೆ ಪ್ರತಿ 100ಕ್ಕೆ ಹೊಸದಾಗಿ ಕರೆಂಟ್ ಕೊಡಿ, ಪ್ರತಿ ಸಾಲಿಗೂ ಫ್ಯೂಸ್ ಇರಲಿ. ಅದು ಬೇರೆ ಪವರ್ ಸಪ್ಲೈಯಿಂದ ಆದರೆ ಎರಡರ ನೆಗೆಟಿವ್ ಕೂಡಿಸಿ, ನಡುವಿನ ಪಾಸಿಟಿವ್ ವೈರು ಮಾತ್ರ ಕತ್ತರಿಸಿ.

ಗೋಡೆಯ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಕಡಿಯುವ ಸುರಕ್ಷಾ ಸಾಕೆಟ್) ಮಳೆಯಲ್ಲಿ ಟ್ರಿಪ್ ಆದರೆ ಬೇರೆ ಸಾಕೆಟಿಗೆ ಹಾಕಿ ತಪ್ಪಿಸಿಕೊಳ್ಳಬೇಡಿ. ಆಗ ನೀರು 120 ವೋಲ್ಟಿನ ಬದಿಯಲ್ಲಿದೆ: ಪವರ್ ಸಪ್ಲೈ ಪೆಟ್ಟಿಗೆ ತೆರೆದು ಒಣಗಿಸಿ, ವೈರುಗಳನ್ನು ಕೆಳಗಿನಿಂದ ಕೇಬಲ್ ಗ್ಲ್ಯಾಂಡ್ (ವೈರಿನ ಸುತ್ತ ಬಿಗಿದು ನೀರು ತಡೆಯುವ ಬಿರಡೆ) ಮೂಲಕವೇ ಒಳಗೆ ತನ್ನಿ.