ಬಸ್ಸಿನ ಕೂಗು ಬೇರೆ, ಊಟದ ಹೊತ್ತಿನ ಕೂಗು ಬೇರೆ

ಪ್ರಶ್ನೆ: ಮಗನಿಗೆ ಐದು ವರ್ಷ. ಆಟಿಸಂ ಎಂದು ಕಳೆದ ವರ್ಷ ಗೊತ್ತಾಯಿತು. ಆಡುವುದು ನಾಲ್ಕೈದೇ ಮಾತು. ರಾತ್ರಿ ಗಂಜಿಗೆ ಕೂರಿಸಿ ಮೊಬೈಲ್ ತೆಗೆದರೆ ತಟ್ಟೆ ಎಸೆದು ಕಿರುಚುತ್ತಾನೆ, ವಾಪಸ್ ಕೊಟ್ಟ ಮೇಲೇ ನಿಲ್ಲುವುದು. ಮಲ್ಪೆ ಬಸ್ಸಿನಲ್ಲೂ ಕಿವಿ ಮುಚ್ಚಿಕೊಂಡು ಕೂಗುತ್ತಾನೆ. ಥೆರಪಿ ಸೆಂಟರಿನವರು ಎಬಿಎ ಮಾಡಿಸಿ, ವಾರಕ್ಕೆ 20 ಗಂಟೆ ಬೇಕು ಎನ್ನುತ್ತಾರೆ. ದುಬೈಯಲ್ಲಿರುವ ಯಜಮಾನರು, ‘ಬಿಸ್ಕತ್ತು ಹಾಕಿ ನಾಯಿ ಪಳಗಿಸಿದ ಹಾಗೆ ನನ್ನ ಮಗನನ್ನು ಪಳಗಿಸುವುದು ಬೇಡ’ ಅಂತಾರೆ. ಎರಡು ಬಿಗಿದರೆ ಸರಿಯಾಗ್ತಾನೆ ಅನ್ನುವುದು ಅತ್ತೆಯ ಮಾತು. ನಾನೇನು ಮಾಡಲಿ?
– ಹೆಸರು ಬೇಡ, ಉಡುಪಿ

ಉತ್ತರ: ಎರಡು ಕಡೆಯ ಕೂಗನ್ನೂ ನೀವು ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ನನಗೆ ಅವು ಎರಡು ಬೇರೆ ಬೇರೆ ವಿಷಯಗಳಾಗಿ ಕಾಣುತ್ತವೆ. ಎಬಿಎ, ಅಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ, ಶುರುವಾಗುವುದೇ ಇಲ್ಲಿಂದ: ವರ್ತನೆಯ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ಊಟದ ಹೊತ್ತಿಗೆ ಮೊಬೈಲ್ ಹೋಯಿತು, ಕೂಗಿದ, ಮೊಬೈಲ್ ಬಂತು. ಅಲ್ಲಿ ಕೂಗು ಅವನಿಗೆ ಬೇಕಾದ್ದನ್ನು ತಂದುಕೊಡುತ್ತಿದೆ. ಬಸ್ಸಿನಲ್ಲಿ ಬಹುಶಃ ಅವನಿಗೆ ಏನೂ ಬೇಕಾಗಿಲ್ಲ, ನಮ್ಮ ಖಾಸಗಿ ಬಸ್ಸುಗಳ ಹಾರ್ನ್ ನಿಂತರೆ ಸಾಕು. (ಆ ಹಾರ್ನ್ ನನಗೂ ತಡೆಯಲಾಗದು, ಕೂಗುವುದಿಲ್ಲ ಅಷ್ಟೆ.)

ಹಾಗಾಗಿ ಒಂದೇ ಮದ್ದು ಎರಡಕ್ಕೂ ನಾಟುವುದಿಲ್ಲ. ಬಸ್ಸಿನಲ್ಲಿ ‘ಗಮನ ಕೊಡಬೇಡಿ, ಅಳಲಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕಿವಿಗೆ ಮುಚ್ಚುವ ಹೆಡ್‌ಫೋನ್ ಹಾಕಿ, ರಶ್ ಇಲ್ಲದ ಹೊತ್ತಿನಲ್ಲಿ ಹೋಗಿ, ತೀರಾ ಆಗದಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡಿ. ಮನೆಯಲ್ಲಿ ಮಾತ್ರ ಕೂಗಿನ ಬದಲಿಗೆ ಕೇಳುವ ಬೇರೆ ದಾರಿ ಕಲಿಸಬೇಕು. ಮೊಬೈಲಿನ ಚಿತ್ರವಿರುವ ಕಾರ್ಡ್ ಒಂದನ್ನು ಅವನ ಕೈಯಿಂದ ನಿಮ್ಮ ಕೈಗೆ ಕೊಡಿಸಿ, ಕೊಟ್ಟ ತಕ್ಷಣ ಮೊಬೈಲ್ ಕೊಡಿ. ಮೊದಮೊದಲು ಪ್ರತಿ ಸಲವೂ ಕೊಡಲೇಬೇಕು. ಕಾರ್ಡ್ ಕೊಟ್ಟರೆ ಸಿಗುತ್ತದೆ ಎಂದು ನಂಬಿಕೆ ಬಂದ ಮೇಲೆ ‘ಎರಡು ತುತ್ತು, ಆಮೇಲೆ ಮೊಬೈಲ್’, ಮತ್ತೆ ನಾಲ್ಕು ತುತ್ತು ಎಂದು ನಿಧಾನಕ್ಕೆ ಕಾಯಿಸಿ. ಇದರ ನಡುವೆ ಕೂಗಿಗೆ ಮೊಬೈಲ್ ಸಿಗುವುದು ನಿಂತರೆ ಕೆಲವು ದಿನ ಕೂಗು ಹೆಚ್ಚೇ ಆದೀತು. ಆಗ ಸೋತು ಕೊಟ್ಟಿರೋ, ಇನ್ನೂ ಜೋರಾಗಿ ಕೂಗಬೇಕು ಎಂದು ಅವನು ಕಲಿಯುತ್ತಾನೆ. ತಲೆ ಚಚ್ಚಿಕೊಳ್ಳುವ ಅಭ್ಯಾಸವಿದ್ದರೆ ಇದನ್ನೆಲ್ಲ ಒಬ್ಬರೇ ಮಾಡಬೇಡಿ, ತಿಳಿದವರು ಜೊತೆಗಿರಲಿ. ಕಿವಿನೋವು, ಹಲ್ಲುನೋವು, ಮಲಬದ್ಧತೆ ಇದೆಯೇ ಎಂದು ಡಾಕ್ಟರಿಗೆ ತೋರಿಸಿಕೊಳ್ಳುವುದೂ ಒಳ್ಳೆಯದು.

ಅತ್ತೆಯವರಿಗೆ ಹೇಳಿ: ಹೊಡೆದರೆ ಪುಟ್ಟ ಆ ಕ್ಷಣ ಸುಮ್ಮನಾಗಬಹುದು. ಹೊಡೆದವರಿಗೆ ಅದೇ ಬಹುಮಾನ, ಹಾಗಾಗಿ ನಾಳೆಯೂ ಕೈ ಏಳುತ್ತದೆ. ಕಲಿತದ್ದು ಮಗುವಲ್ಲ, ದೊಡ್ಡವರು. ಅವರನ್ನು ಹೊರಗಿಡಬೇಡಿ, ಕಾರ್ಡ್ ತೆಗೆದುಕೊಂಡು ಮೊಬೈಲ್ ಕೊಡುವ ಕೆಲಸ ಅವರಿಗೇ ಇರಲಿ.

ಇನ್ನು ಯಜಮಾನರ ಮಾತು. ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಈ ವಿದ್ಯೆಯ ಬೇರು ಇಲಿ, ಪಾರಿವಾಳಗಳ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಮಾಡಿದ ಪ್ರಯೋಗಗಳಲ್ಲೇ ಇದೆ. ಆಟಿಸಂ ಮಕ್ಕಳ ವಿಷಯದಲ್ಲಿ ಇದಕ್ಕೆ ದೊಡ್ಡ ಹೆಸರು ತಂದದ್ದು ಮನಶ್ಶಾಸ್ತ್ರಜ್ಞ ಲೊವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನ. ವಾರಕ್ಕೆ 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ತರಗತಿಯಲ್ಲಿ ಓದುವ ಮಟ್ಟಕ್ಕೆ ಬಂದರು ಎಂದು ಅದು ಹೇಳಿತು. ಆದರೆ ಮಕ್ಕಳನ್ನು ಗದರಿಸುವುದು, ತೊಡೆಗೆ ಏಟು ಕೊಡುವುದೂ ಅದರಲ್ಲಿತ್ತು, ಅಧ್ಯಯನದ ರೀತಿಯೂ ಟೀಕೆಗೆ ಗುರಿಯಾಯಿತು. ಹಿಂದೆ ಇಂಥ ತರಬೇತಿ ಪಡೆದು ಈಗ ದೊಡ್ಡವರಾದ ಹಲವರು, ಬಲವಂತವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಸಿದ್ದು, ರೆಕ್ಕೆಯಂತೆ ಕೈ ಬಡಿಯುವುದನ್ನು ಬಿಡಿಸಿದ್ದು ತಮಗೆ ಗಾಯ ಮಾಡಿತು ಎನ್ನುತ್ತಾರೆ. ನಿಮ್ಮ ಮಗ ಖುಷಿಯಾದಾಗ ಕೈ ಬಡಿದರೆ ಬಡಿಯಲಿ ಬಿಡಿ, ಅದರಿಂದ ಯಾರ ಗಂಟೇನು ಹೋಗುತ್ತದೆ? ತಾನೇ ಉಣ್ಣುವುದು, ಬಾತ್‌ರೂಮಿಗೆ ಹೋಗುವುದು, ಬೇಕು–ಬೇಡ ಹೇಳುವುದು, ಇವನ್ನು ಸಣ್ಣ ಸಣ್ಣ ಹಂತ ಮಾಡಿ ಕಲಿಸಲು ಎಬಿಎ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ 20 ಗಂಟೆಗೆ ತಕ್ಷಣ ಹೂಂ ಅನ್ನಬೇಡಿ. ಒಂದು ಸೆಷನ್ನಿನಲ್ಲಿ ನೀವೂ ಕೂತು ನೋಡಿ, ಯಜಮಾನರಿಗೆ ವಿಡಿಯೊ ಕಾಲ್ ಮಾಡಿ ತೋರಿಸಿ. ಮಗು ಬೇಡ ಅಂದರೆ ಏನು ಮಾಡುತ್ತೀರಿ, ಈ ಮೂರು ತಿಂಗಳ ಗುರಿ ಏನು, ನಮಗೆ ಮನೆಯಲ್ಲಿ ಮಾಡಲು ಏನು ಕಲಿಸುತ್ತೀರಿ ಎಂದು ಕೇಳಿ. ಕೂರಲು ಬಿಡದಿದ್ದರೆ, ಅಥವಾ ಆಟಿಸಂ ‘ಗುಣ ಮಾಡಿಕೊಡುತ್ತೇವೆ’ ಎಂದರೆ, ಬೇರೆ ಕಡೆ ನೋಡಿ. ಸ್ಪೀಚ್ ಥೆರಪಿಯನ್ನು ಮಾತ್ರ ಇದಕ್ಕಾಗಿ ನಿಲ್ಲಿಸಬೇಡಿ. ಖರ್ಚಿನ ವಿಷಯಕ್ಕೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಂಡು, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಿ. ಒಂದು ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಗೂ ಒಂದಿಷ್ಟು ಹಣ ಸಿಗುತ್ತದೆ.